ಜಾಗ ಮಾಡಿಕೊಟ್ಟವರು

ನನ್ನವ್ವನನ್ನು ಅಳಿಸಿಹಾಕಿದ್ದು ಅವಳು ನನ್ನ ಬಾಣಂತನದ ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಿದ್ದಾಗ. ನಾನು ತುಂಬಿದ ಬಸುರಿ, ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂತಿದ್ದೆ. "ಓಬಿ, ಬೆಲ್ಲದ ಡಬ್ಬಿ ಇತ್ತ ತಳ್ಳೇ" ಎಂದಳು. ಡಬ್ಬಿ ತಳ್ಳಿ ತಲೆ ಎತ್ತುವಷ್ಟರಲ್ಲಿ ಈಳಿಗೆಮಣೆ ಇತ್ತು, ಅರ್ಧ ತುರಿದ ಕೊಬ್ಬರಿ ಗಿಟುಕು ನೆಲದ ಮೇಲೆ ಇನ್ನೂ ತಿರುಗುತ್ತಿತ್ತು, ಅವ್ವ ಇರಲಿಲ್ಲ. ಅಳು ಬರುವುದಕ್ಕೆ ಮೊದಲು ನನಗೆ ಸಿಟ್ಟು ಬಂತು. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಯಬೇಕು ಎಂದು ನನಗೆ ಅನ್ನಿಸಿಯೂ ಇಲ್ಲ.

ನಮ್ಮೂರಿಗೂ ಕೆರೆಯ ಆಚೆದಂಡೆಯ ಊರಿಗೂ ಆಟ ನಡೆಯುತ್ತದೆ. ನಮ್ಮ ಚಾವಡಿಯಲ್ಲಿ ಒಂದು ಕಂಪ್ಯೂಟರ್, ಅದರ ಮುಂದೆ ಒಂದು ಕುರ್ಚಿ, ಕುರ್ಚಿಯ ಮೇಲೆ ಊರಿನ ಯಜಮಾನರು ಆರಿಸಿದ ಒಬ್ಬರು. ಆಚೆದಂಡೆಯಲ್ಲೂ ಹಾಗೆಯೇ. ಆಟ ಶುರುವಾದ ದಿನ ಊರು ಕಲ್ಲುಯುಗಕ್ಕೆ ಹೋಗುತ್ತದೆ. ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಚಾಕು ಕುಯ್ಯುವುದಿಲ್ಲ, ಗಾಡಿಯ ಚಕ್ರ ತಿರುಗುವುದಿಲ್ಲ. ಹಣ್ಣು ಕಿತ್ತು, ಮೀನು ಹಿಡಿದು, ಸೌದೆ ಒಟ್ಟಿ, ಚಾವಡಿಗೆ ಬೇಕಾದಷ್ಟು ಕೂಡಿಸಿ ಹಾಕಿದ ಮೇಲೆ ಕುರ್ಚಿಯವರು ಒಂದು ಗುಂಡಿ ಒತ್ತುತ್ತಾರೆ, ಊರು ಕಂಚಿನ ಯುಗಕ್ಕೆ ದಾಟುತ್ತದೆ. ಆಮೇಲೆ ಕಬ್ಬಿಣ, ಆಮೇಲೆ ಮದ್ದುಗುಂಡು, ಉಗಿ, ಕೊನೆಗೆ ಕರೆಂಟು. ಒಬ್ಬರು ಗೆದ್ದ ಮೇಲೆ ಮತ್ತೆ ಮೊದಲಿನಿಂದ. ಅದಕ್ಕೇ ನಮ್ಮಲ್ಲಿ ಪ್ರತಿ ಮನೆಯ ಅಟ್ಟದ ಮೇಲೂ ಎಲ್ಲ ಯುಗದ ಸಾಮಾನು ಇರುತ್ತದೆ. ಮಿಕ್ಸಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಇಟ್ಟು ಒರಳುಕಲ್ಲನ್ನು ಕೆಳಗಿಳಿಸುವುದು ನಮಗೆ ಹಬ್ಬಕ್ಕೆ ಸುಣ್ಣ ಬಳಿದಷ್ಟೇ ಮಾಮೂಲು. ಪಟಾಕಿ ಬೇಕು ಎನ್ನುವವರು ಮದುವೆಯನ್ನು ಮದ್ದುಗುಂಡಿನ ಯುಗಕ್ಕೆ ಇಟ್ಟುಕೊಳ್ಳುತ್ತಾರೆ, ಸಾಲುದೀಪ ಬೇಕು ಎನ್ನುವವರು ಕರೆಂಟಿಗೆ ಕಾಯುತ್ತಾರೆ. ಊರಿನಲ್ಲಿ ಬೆಂಕಿಕಡ್ಡಿಯೂ ಹತ್ತದ ದಿನಗಳಲ್ಲಿ ಚಾವಡಿಯ ಆ ಪರದೆ ಮಾತ್ರ ಉರಿಯುತ್ತಲೇ ಇರುತ್ತದೆ. ಅದು ಹೇಗೆ ಎಂದು ಕೇಳುವುದನ್ನು ನಮ್ಮ ಅಜ್ಜಿಯರೇ ಬಿಟ್ಟಿದ್ದರು.

ಆಟ ಶುರುವಾದ ದಿನ ಊರಿನ ಬಾಗಿಲು ದಾಟಿ ಮೊದಲು ಕೆಲಸಕ್ಕೆ ಹೊರಡುವವರು ಹಣ್ಣು ಕೀಳುವ ಹೆಂಗಸರು. ಬೋರೆ, ಕಾರೆ, ಕವಳೆ, ಸಿಕ್ಕಿದ್ದೆಲ್ಲ ತಂದು ಚಾವಡಿಗೆ ಸುರಿಯುತ್ತಾರೆ. ಹೊಲ ಉಳುವ ಯುಗ ಬರುವವರೆಗೆ ಇಡೀ ಊರು ಅದನ್ನೇ ತಿನ್ನುವುದು. ನನ್ನವ್ವ ಸಣ್ಣೀರಮ್ಮ ಮದುವೆಯಾಗಿ ಬಂದಾಗಿನಿಂದ ಆ ಕೆಲಸದವಳು. ಮುಳ್ಳು ಗೀರಿದ ಅವಳ ಮುಂಗೈ ಹಾಗಲಕಾಯಿಯ ಸಿಪ್ಪೆಯ ಹಾಗಿದೆ.

ಈ ಸಲ ಕುರ್ಚಿಯ ಮೇಲೆ ಗುರುಸಿದ್ಧಯ್ಯನವರು ಕೂತಿದ್ದರು. ಅವರು ಕೂತ ಆಟ ಯಾವುದೂ ಸೋತಿರಲಿಲ್ಲ. ಮದ್ದುಗುಂಡಿನ ಯುಗಕ್ಕೆ ಆಚೆದಂಡೆಗಿಂತ ಮುಂಚೆಯೇ ನಮ್ಮನ್ನು ದಾಟಿಸಿದಾಗ ಊರು ಅವರನ್ನು ಹೊತ್ತು ಕುಣಿಯಿತು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಅವರು ಬಂದೂಕಿನವರನ್ನು, ತೋಪಿನವರನ್ನು ತಯಾರಿಸತೊಡಗಿದರು. ಈ ಸಿಪಾಯಿಗಳು ಊರಿನ ಮಕ್ಕಳಲ್ಲ. ಚಾವಡಿಯಲ್ಲಿ ಗುಂಡಿ ಒತ್ತಿದರೆ ಸಿಪಾಯಿಠಾಣೆಯ ಬಾಗಿಲಿನಿಂದ ಹೊರಗೆ ಬರುತ್ತಾರೆ, ಎಲ್ಲರಿಗೂ ಒಂದೇ ಮುಖ, ಏನು ಕೇಳಿದರೂ "ಅಪ್ಪಣೆ!" ಎನ್ನುವುದೊಂದೇ ಉತ್ತರ. ನಾವು ಅದಕ್ಕೂ ಒಗ್ಗಿಕೊಂಡಿದ್ದೆವು. ಬೀದಿಯಲ್ಲಿ ಸಾಲಾಗಿ ನಿಂತವರ ಬಂದೂಕಿನಿಂದ ಬಂದೂಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದೆವು. ಆದರೆ ಅವರಿಗೂ ಹೊಟ್ಟೆ ಇದೆ. ಊರಿಗೊಂದು ಮಿತಿಯೂ ಇದೆ. ಇಷ್ಟು ಜನ ತುಂಬಿದರೆ ಮುಗಿಯಿತು, ಅದರ ಮೇಲೆ ಒಬ್ಬರೂ ಸೇರಲಾರರು. ಹಿಂದಿನ ಕುರ್ಚಿಯವರು ಮಿತಿ ಮುಟ್ಟಿದರೆ ಕೈಕಟ್ಟಿ ಕೂರುತ್ತಿದ್ದರು. ಅಳಿಸುವ ಗುಂಡಿ ಆಗಲೂ ಇತ್ತು, ಮುರಿದುಬಿದ್ದ ಕೊಟ್ಟಿಗೆ ತೆಗೆಯುವುದಕ್ಕೆ ಬಳಸುತ್ತಿದ್ದರು. ಊರಿನವರ ಮೇಲೆ ಅದನ್ನು ಒತ್ತಬಹುದು ಎಂದು ಮೊದಲು ಹೊಳೆದದ್ದು ಗುರುಸಿದ್ಧಯ್ಯನವರಿಗೆ.

ಹೊಟ್ಟೆ ಹಿಡಿದುಕೊಂಡು ಚಾವಡಿಗೆ ಹೋದೆ. ಅವರು ತಣ್ಣಗೆ ಮಜ್ಜಿಗೆ ಕುಡಿಯುತ್ತ ಪರದೆ ನೋಡುತ್ತಿದ್ದರು. ಪಕ್ಕದಲ್ಲಿ ಯಜಮಾನ ಮುದ್ದಣ್ಣ ನಿಂತಿದ್ದ.

"ಅಯ್ನೋರೆ, ನಮ್ಮವ್ವ ಎಲ್ಲಿ?" ಎಂದೆ.

"ಯಾರಮ್ಮ ನಿಮ್ಮವ್ವ?" ಕಣ್ಣು ತಿರುಗಿಸಲಿಲ್ಲ.

"ಸಣ್ಣೀರಮ್ಮ. ಈಗ ಕೊಬ್ಬರಿ ತುರೀತಾ ಕೂತಿದ್ಲು."

"ಹೆಸರು ಇದರಲ್ಲಿ ಬರಲ್ಲಮ್ಮ. ಏನು ಕೆಲಸ?"

"ಹಣ್ಣು ಕೀಳೋಳು."

"ಓ, ಹಣ್ಣಿನೋರಾ. ಹೌದು, ತೆಗೆದೆ. ಹೊಲಗದ್ದೆ ಬಂದ ಮೇಲೆ ಹಣ್ಣಿನೋರು ಸುಮ್ನೆ ಕೂತಿರ್ತಾರೆ. ಅಷ್ಟೂ ಜನಕ್ಕೆ ಒಂದು ಸುತ್ತು ಗೆರೆ ಎಳೆದು ಒಂದೇ ಸಲಕ್ಕೆ ತೆಗೆದೆ. ನೋಡು, ಎಷ್ಟು ಜನ ತೋಪಿನೋರು ಬಂದ್ರು!" ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು, ತಮ್ಮ ಮಗಳ ಮದುವೆಯ ಫೋಟೋ ತೋರಿಸುವವರ ಹಾಗೆ. ನಾನು ಬಗ್ಗಿ ನೋಡಿದೆ. ಎಳ್ಳುಕಾಳಿನಷ್ಟಷ್ಟು ಬೊಂಬೆಗಳು. ನಮ್ಮ ಮನೆ ಒಂದು ಹುಣಸೆಬೀಜದಷ್ಟಿತ್ತು.

"ಕಲ್ಲುಯುಗದಾಗೆ ನೀವು ಕುರ್ಚಿ ಮ್ಯಾಲೆ ಕೂತು ತಿಂದ್ರಲ್ಲ, ಅದು ಯಾರು ಕಿತ್ತ ಹಣ್ಣು ಅಯ್ನೋರೆ?"

"ಅದನ್ನ ನಾನು ಮರೆಯಲ್ಲಮ್ಮ. ಗೆದ್ದ ಮೇಲೆ ಸಭೆಯಲ್ಲಿ ಹೇಳ್ತೀನಿ."

ಮುದ್ದಣ್ಣ ನನ್ನ ಮುಖ ನೋಡಿ ಹತ್ತಿರ ಬಂದ. "ಹೋಗ್ಲಿ ಬಿಡು ಓಬಿ, ಸತ್ತಿಲ್ವಲ್ಲ. ಊರಗೋಡೆ ಆಚೆಗೆ ಅವ್ರೆ. ಆಟ ಮುಗಿಯೋಗಂಟ ಒಳಕ್ಕೆ ಬರಕ್ಕಾಗಲ್ಲ, ಅಷ್ಟೇಯ. ನೀನು ಮನೆಗೋಗಿ ಮಲಗು. ಹೆಂಗೂ ತುಂಬಿದ ತಿಂಗಳು."

ಆಗ ಗುರುಸಿದ್ಧಯ್ಯನವರು ಮೊದಲ ಸಲ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. "ಯಾವಾಗ?" ಎಂದರು.

"ಇವತ್ತೋ ನಾಳೆಯೋ" ಎಂದ ಮುದ್ದಣ್ಣ.

"ಜಾಗ ಇಲ್ಲಮ್ಮ" ಎಂದರು ಅವರು. ದನಿಯಲ್ಲಿ ನಿಜವಾದ ಮರುಕ ಇತ್ತು. ಅದಕ್ಕೇ ನನಗೆ ಇನ್ನೂ ಉರಿ. "ಮಿತಿ ಪೂರ್ತಿ ತುಂಬಿದೆ. ಒಂದು ಮಗು ಅಂದ್ರೂ ಒಂದು ಜಾಗವೇ ಅಲ್ವಾ, ಒಬ್ಬ ತೋಪಿನೋನ ಜಾಗ. ಉಗಿಯ ಯುಗಕ್ಕೆ ದಾಟಿದರೆ ಮಿತಿ ಸ್ವಲ್ಪ ಏರುತ್ತೆ. ಅಲ್ಲಿವರೆಗೆ ತಡಕೊ."

"ತಡಕಳದಾ?" ಎಂದೆ. "ಇದೇನು ಕೆಮ್ಮಾ ಅಯ್ನೋರೆ, ತಡಕಳಕ್ಕೆ?"

ಅವರು ಮತ್ತೆ ಪರದೆಗೆ ತಿರುಗಿದ್ದರು.

ಮನೆಗೆ ಬರುವಾಗಲೇ ನೋವು ಶುರುವಾಯಿತು. ನನ್ನ ಗಂಡ ತಿಪ್ಪೇಶ ಸೌದೆ ಕಡಿಯುವವನು, ಕಾಡಿನಿಂದ ಓಡಿ ಬಂದ. ನೋವು ಸೊಂಟ ಹಿಡಿದು ಏರುತ್ತಿತ್ತು, ಇನ್ನೇನು ಎನ್ನುವಾಗ ಗೋಡೆಗೆ ತಾಕಿದ ಚೆಂಡಿನ ಹಾಗೆ ಹಿಂದಕ್ಕೆ ಹೋಗುತ್ತಿತ್ತು. ಮತ್ತೆ ಏರುವುದು, ಮತ್ತೆ ಹಿಂದಕ್ಕೆ ಹೋಗುವುದು. ಆ ದಿನವೆಲ್ಲ ಹೀಗೇ ಆಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಮಗು ಬಾಗಿಲಿಗೆ ಬಂದೈತೆ, ದಾಟಾಕೆ ಆಗ್ತಿಲ್ಲ" ಎಂದು ಕೈಚೆಲ್ಲಿದಳು. ಹೊರಗೆ ಬೀದಿಯಲ್ಲಿ ಹೊಸ ತೋಪಿನವರು ಹೆಜ್ಜೆ ಹಾಕುತ್ತಿದ್ದರು. ನನ್ನ ಮಗುವಿನ ಜಾಗದಲ್ಲಿ ನಿಂತವನು ಅವರಲ್ಲಿ ಯಾವನು ಎಂದು ಕಿಟಕಿಯಿಂದ ನೋಡಿದೆ. ಎಲ್ಲರಿಗೂ ಒಂದೇ ಮುಖ. ಯಾರನ್ನು ಬೈಯುವುದು?

ಮಾರನೆಯ ಬೆಳಿಗ್ಗೆ ತಿಪ್ಪೇಶನಿಗೆ ಹೇಳಿದೆ. "ಮಿತಿ ಇರೋದು ಗೋಡೆ ಒಳಗೆ. ಹೊರಕ್ಕೆ ಹೋಗಾನ ನಡಿ."

"ಕೆಲಸ ಬಿಟ್ಟು ಹೋದ್ರೆ ಒಳಕ್ಕೆ ಬರಕ್ಕಾಗಲ್ಲ ಓಬಿ. ನಮ್ಮ ಜಾಗಕ್ಕೆ ಆ ಕ್ಷಣದಾಗೆ ಸಿಪಾಯಿನ ತುಂಬ್ತಾರೆ."

"ತುಂಬಲಿ. ಇಲ್ಲಿದ್ದು ನಾನೇನು ಮಾಡ್ಲಿ, ಈ ಮಗೀನ ಹೊಟ್ಟೆಯಾಗೇ ಬೆಳೆಸ್ಲಾ?"

ಅವನು ಕೊಡಲಿ ಹೆಗಲಿಗೆ ಹಾಕಿ, ಕಂಬಳಿ ಸುತ್ತಿಕೊಂಡು ನನ್ನ ತೋಳು ಹಿಡಿದ. ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋವು ಬಂದಾಗ ನಿಂತು, ಮತ್ತೆ ನಡೆದು ಹೋದೆ. ಮನೆಗಳ ಬಾಗಿಲಲ್ಲಿ ಜನ ಸುಮ್ಮನೆ ನೋಡುತ್ತಿದ್ದರು. ಅವ್ವನ ಜೊತೆ ಅಳಿಸಿಹೋದವರ ಮಕ್ಕಳು, ಸೊಸೆಯರು, ಅಣ್ಣತಮ್ಮಂದಿರು ಅವರಲ್ಲಿದ್ದರು. ಊರಬಾಗಿಲಲ್ಲಿ ನಿಂತ ಸಿಪಾಯಿಗಳಿಗೆ ತಿಪ್ಪೇಶ "ದಾರಿ ಬಿಡ್ರಪ್ಪ" ಎಂದ. "ಅಪ್ಪಣೆ!" ಎಂದು ಸರಿದು ನಿಂತರು. ಒಳಗೆ ಬರುವವರನ್ನು ತಡೆಯಿರಿ ಎಂದು ಅವರಿಗೆ ಹೇಳಲಾಗಿತ್ತು. ಕೆಲಸದವರು ತಾವಾಗಿ ಊರು ಬಿಟ್ಟು ಹೋದಾರು ಎಂದು ಚಾವಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೆರೆಯ ಏರಿಯ ಕೆಳಗೆ ಹೊಂಗೆಮರಗಳ ಸಾಲಿನಲ್ಲಿ ಹೊಗೆ ಏಳುತ್ತಿತ್ತು. ಅಲ್ಲಿ ಅವ್ವ ಇದ್ದಳು. ಅವಳ ಜೊತೆಯ ಹಣ್ಣಿನ ಹೆಂಗಸರು ಇದ್ದರು. ಅವರಷ್ಟೇ ಅಲ್ಲ, ನಾನು ನೋಡದ ಮುಖಗಳೂ ಇದ್ದವು. ಆಚೆದಂಡೆಯವರೂ ತಮ್ಮ ಹಣ್ಣಿನವರನ್ನು, ಮೀನಿನವರನ್ನು ಅಳಿಸಿ ತೋಪಿಗೆ ಜಾಗ ಮಾಡಿದ್ದರು. ಎರಡು ಊರಿನ ಬೇಡದವರು ಒಂದೇ ಒಲೆಯ ಸುತ್ತ ಕೂತಿದ್ದರು. ತಲೆಯ ಮೇಲೆ ನಮ್ಮೂರಿನ ಗುಂಡು ಆ ಕಡೆಗೆ, ಆ ಊರಿನ ಗುಂಡು ಈ ಕಡೆಗೆ ಹಾರುತ್ತಿತ್ತು.

ಅವ್ವ ನನ್ನನ್ನು ನೋಡಿ ಎದ್ದು ಓಡಿ ಬಂದಳು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡರೆ ಬೈದಳು. "ಈ ಸ್ಥಿತಿಯಾಗೆ ನಡ್ಕಂಡು ಬಂದ್ಯೇನೇ? ಅಲ್ಲೇ ಹೆರಾಕೆ ಏನಾಗಿತ್ತು ನಿಂಗೆ?"

"ಜಾಗ ಇಲ್ಲ ಅಂದ್ರು ಅವ್ವ."

ಅವಳು ನಿಂತಲ್ಲೇ ನಿಂತಳು. ತನ್ನನ್ನು ಅಳಿಸಿದ್ದಕ್ಕೆ ಅವಳು ಯಾರ ಮೇಲೂ ಕೂಗಾಡಿರಲಿಲ್ಲವಂತೆ. ಈ ಮಾತಿಗೆ ಊರಗೋಡೆಯ ಕಡೆ ತಿರುಗಿದಳು. "ಅಂಗಂದ್ರಾ?" ಎಂದಳು ಅಷ್ಟೇ. ಆಮೇಲೆ ಸೆರಗು ಬಿಗಿದು, "ಮಾರಕ್ಕಾ, ಬಿಸಿನೀರು ತಾ" ಎಂದು ಕೂಗಿದಳು. ಮಾರಕ್ಕ ಆಚೆದಂಡೆಯ ಮೀನಿನವಳು. ಮೊನ್ನೆಯವರೆಗೂ ನನಗೆ ಶತ್ರು ಎಂದು ಹೇಳಿಕೊಟ್ಟಿದ್ದ ಊರಿನ ಹೆಂಗಸು ನನ್ನ ಬೆನ್ನ ಹಿಂದೆ ಕೂತು ತನ್ನ ಎರಡೂ ತೋಳಿಗೆ ನನ್ನ ಭಾರ ಹಾಕಿಕೊಂಡಳು.

ಮಧ್ಯಾಹ್ನ ಇಳಿಯುವ ಮೊದಲು ಮಗಳು ಹುಟ್ಟಿದಳು. ಒಂದು ದಿನ ಬಾಗಿಲಲ್ಲಿ ನಿಲ್ಲಿಸಿದ್ದಕ್ಕೋ ಏನೋ, ಅವಳ ಅಳು ಎಷ್ಟು ಜೋರಾಗಿತ್ತೆಂದರೆ ಗೋಡೆಯ ಒಳಗೆ ಬೀದಿಯವರಿಗೆಲ್ಲ ಕೇಳಿಸಿತಂತೆ. ಅದನ್ನು ಕೇಳಿ ಮೊದಲು ಹೊರಗೆ ಬಂದವಳು ನಮ್ಮ ಪಕ್ಕದ ಮನೆಯ ಗಿರಣಿಯವಳು. ಅವಳ ಅತ್ತೆ ಇಲ್ಲಿದ್ದಳು. ಆಮೇಲೆ ಅವಳ ಗಂಡ ಬಂದ. ಆಮೇಲೆ ಹೊಲದವರು, ಗಣಿಯವರು, ಕುರಿಯವರು ಬಂದರು. ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ. ಅಳಿಸಿಕೊಳ್ಳುವುದಕ್ಕೆ ತಮ್ಮ ಸರದಿ ಯಾವಾಗ ಎಂದು ಕಾಯುವುದು ಅವರಿಗೂ ಸಾಕಾಗಿತ್ತು. ಗಂಟು ಕಟ್ಟಿಕೊಂಡು, ಆಡು ಎಳೆದುಕೊಂಡು, ಮುದುಕರನ್ನು ಬೆನ್ನ ಮೇಲೆ ಹೊತ್ತು ಬಂದರು. ಎರಡೇ ದಿನದಲ್ಲಿ ಆಚೆದಂಡೆಯವರೂ ಹಾಗೇ ಮಾಡಿದರು.

ಚಾವಡಿಯಲ್ಲಿ ಇದಕ್ಕೆ ದುಃಖವಾಯಿತು ಎಂದುಕೊಳ್ಳಬೇಡಿ. ಮುದ್ದಣ್ಣ ಆಮೇಲೆ ಹೇಳಿದ ಪ್ರಕಾರ ಗುರುಸಿದ್ಧಯ್ಯನವರು ಮೊದಲು ತೊಡೆ ತಟ್ಟಿದರಂತೆ. ಜಾಗ ತಾನಾಗಿ ಖಾಲಿಯಾಗುತ್ತಿದೆ, ಇನ್ನೂ ಸಿಪಾಯಿಗಳನ್ನು ತುಂಬಬಹುದು! ತುಂಬಿದರು. ಊರು ಮಿತಿಯವರೆಗೆ ಸಿಪಾಯಿಗಳಿಂದಲೇ ಗಿಜಿಗುಟ್ಟಿತು. ಆಮೇಲೆ ಕಣಜದ ತಳ ಕಂಡಿತು. ರಾಗಿ ಬೀಸಿ ಎಂದು ಸಿಪಾಯಿಗಳ ಮೇಲೆ ಗುಂಡಿ ಒತ್ತಿದರೆ "ಅಪ್ಪಣೆ!" ಎಂದು ಬೀಸುಕಲ್ಲಿನ ಸುತ್ತ ಸಾಲಾಗಿ ನಿಂತರಂತೆ. ಬೀಸುವುದು ಅವರಿಗೆ ಗೊತ್ತಿಲ್ಲ. ಹೊಲಕ್ಕೆ ಕಳಿಸಿದರೆ ಪೈರಿನ ಮೇಲೆ ಕವಾಯತು ಮಾಡಿದರು. ತೋಪಿನ ಮದ್ದು ಮುಗಿಯಿತು, ಮದ್ದು ಅರೆಯುವವರು ಹೊಂಗೆಮರದ ಕೆಳಗೆ ನನ್ನ ಮಗಳಿಗೆ ತೊಟ್ಟಿಲು ಕಟ್ಟುತ್ತಿದ್ದರು. ನಮ್ಮ ತಲೆಯ ಮೇಲೆ ಗುಂಡು ಹಾರುವುದು ನಿಂತಿತು.

ಒಂದು ಬೆಳಿಗ್ಗೆ ಗುರುಸಿದ್ಧಯ್ಯನವರು ಊರಗೋಡೆಯ ಮೇಲೆ ಬಂದು ನಿಂತರು. ಗಡ್ಡ ಬೆಳೆದಿತ್ತು. "ಒಬ್ಬರು ಬನ್ನಿ" ಎಂದು ಕೂಗಿದರು. "ಒಬ್ಬ ಕೆಲಸದವರು ಸಾಕು. ಒಬ್ಬರಿದ್ದರೆ ಒಂದು ಮನೆ ಕಟ್ಟಿಸ್ತೀನಿ, ಹೊಲ ಮಾಡಿಸ್ತೀನಿ, ಮತ್ತೆ ಊರು ಏಳುತ್ತೆ. ಆಚೆದಂಡೆಯವರಿಗಿಂತ ಮುಂಚೆ ಒಬ್ಬರು ಸಿಕ್ಕರೆ ನಾವು ಗೆದ್ದಂಗೆ!"

ಯಾರೂ ಅಲ್ಲಾಡಲಿಲ್ಲ. ಅವ್ವ ಮಗುವನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕೆಳಗೆ ಹೋದಳು. "ಜಾಗ ಐತಾ ಅಯ್ನೋರೆ?" ಎಂದು ಕೇಳಿದಳು.

"ಮಾಡ್ತೀನಮ್ಮ. ಈಗಲೇ ಒಬ್ಬ ಸಿಪಾಯೀನ ತೆಗೀತೀನಿ."

"ಅಂದ್ರೆ ತೆಗೀಬೋದಿತ್ತು."

"ಏನು?"

"ನನ್ನ ಮಗಳು ತುಂಬಿದ ಹೊಟ್ಟೆ ಹಿಡ್ಕಂಡು ನಿಮ್ಮ ಮುಂದೆ ನಿಂತಿದ್ಲಲ್ಲ, ಅವತ್ತೂ ಒಬ್ಬ ಸಿಪಾಯೀನ ತೆಗೀಬೋದಿತ್ತು. ಒಂದು ಕೂಸಿಗೆ ಜಾಗ ಆಗ್ತಿತ್ತು. ನಿಮಗದು ಗೊತ್ತಿತ್ತು." ಅವಳು ಕೂಗಲಿಲ್ಲ. ಕೂಗದೆ ಆಡಿದ ಆ ಮಾತು ಮರದ ಕೆಳಗಿದ್ದ ನಮಗೆಲ್ಲ ಕೇಳಿಸಿತು.

ಅವರು ಗೋಡೆ ಇಳಿದು ಹೋದರು. ಆಚೆದಂಡೆಯ ಕುರ್ಚಿಯವನಿಗೂ ಒಬ್ಬರೂ ಸಿಗಲಿಲ್ಲ. ಹಸಿದ ಎರಡು ಸೈನ್ಯಗಳು ಅಲುಗದೆ ನಿಂತಿದ್ದನ್ನು ನೋಡಿ ನೋಡಿ ಕೊನೆಗೆ ಇಬ್ಬರೂ ಆಟ ಸಮ ಎಂದು ಒಪ್ಪಿ ಮುಗಿಸಿದರು. ಸಿಪಾಯಿಗಳು ಬಂದ ಹಾಗೇ ಇಲ್ಲವಾದರು. ಬಾಗಿಲು ತೆರೆಯಿತು. ಮಾರಕ್ಕ ನನ್ನ ಮಗಳ ಹಣೆಗೆ ಮುತ್ತಿಟ್ಟು ತನ್ನ ಊರಿಗೆ ಹೋದಳು, ನಾವು ನಮ್ಮದಕ್ಕೆ ಬಂದೆವು.

ಬಂದವರಿಗೆ ಮೊದಲು ಕಂಡದ್ದು ಚಾವಡಿಯ ಮುಂದೆ ಯಜಮಾನರು ಹಾಕಿದ್ದ ಚಪ್ಪರ. ಸೋಲದೆ ಉಳಿಸಿಕೊಟ್ಟಿದ್ದಕ್ಕೆ ಗುರುಸಿದ್ಧಯ್ಯನವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅವರು ಮಾತಾಡಿದರು. ತ್ಯಾಗ ಎಂದರು. ಕೆಲವರು ಊರಿಗಾಗಿ ಜಾಗ ಮಾಡಿಕೊಟ್ಟರು, ಅವರನ್ನು ನೆನೆಯಬೇಕು ಎಂದರು. ಇನ್ನು ಕೆಲವರು ಕೊನೇ ಗಳಿಗೆಯಲ್ಲಿ ಕೆಲಸ ಬಿಟ್ಟು ಹೋಗದಿದ್ದರೆ ಗೆಲುವು ನಮ್ಮದಿತ್ತು ಎಂದರು. ಹಸಿ ಬಾಣಂತಿ, ಮಗುವನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತೆ. "ಜಾಗ ಮಾಡಿಕೊಟ್ರಾ? ಯಾರು ಕೊಟ್ರು? ಕೇಳಿದ್ರಾ ನೀವು? ಕೊಬ್ಬರಿ ತುರೀತಿದ್ದೋಳನ್ನ ಎತ್ತಿ ಬಿಸಾಕಿ, ಈಗ ಅವಳೇ ಕೊಟ್ಲು ಅಂತ ಹಾರ ಹಾಕ್ಕಂಡು ನಿಂತಿದೀರಲ್ಲ, ನಾಚಿಕೆ ಆಗಲ್ವ ನಿಮಗೆ?" ಎಂದು ಕೂಗಿದೆ. ಯಾರೋ "ಬಾಣಂತಿ ಸನ್ನಿ" ಎಂದರು. ಅವ್ವ ನನ್ನ ರಟ್ಟೆ ಹಿಡಿದು, "ಬಾ, ಕೂಸಿಗೆ ಥಂಡಿ ಆಗ್ತೈತೆ" ಎಂದು ಮನೆಗೆ ಕರೆದುಕೊಂಡು ಬಂದಳು. ಅವಳು ಸುಮ್ಮನಾದಳು ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು.

ಸ್ವಲ್ಪ ದಿನಕ್ಕೆ ಹೊಸ ಆಟ ಶುರುವಾಯಿತು. ಕುರ್ಚಿಗೆ ಮತ್ತೆ ಅವರನ್ನೇ ಆರಿಸಿದ್ದರು. ಊರು ಕಲ್ಲುಯುಗಕ್ಕೆ ಹೋಯಿತು. ಬೆಳಿಗ್ಗೆ ಹಣ್ಣಿನವರು ಬುಟ್ಟಿ ಹಿಡಿದು ಹೊರಡುವ ಹೊತ್ತು. ಅವ್ವ ಹೊರಡಲಿಲ್ಲ. ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಉಳಿದ ಹಣ್ಣಿನ ಹೆಂಗಸರು ನಮ್ಮ ಜಗಲಿಯ ಮೇಲೆ ಬಂದು ಕೂತರು. ಬುಟ್ಟಿ ತಂದಿರಲಿಲ್ಲ.

ಹೊತ್ತು ಏರಿದ ಮೇಲೆ ಮುದ್ದಣ್ಣ ಬಂದ, ಅವನ ಹಿಂದೆ ಗುರುಸಿದ್ಧಯ್ಯನವರು. "ಸಣ್ಣೀರಕ್ಕ, ಗುಂಡಿ ಒತ್ತಿ ಒತ್ತಿ ಸಾಕಾಯ್ತು, ಒಬ್ರೂ ಹೊರಡ್ತಿಲ್ಲ. ಆಚೆದಂಡೆಯೋರು ಮುಂದಕ್ಕೆ ಹೋಗ್ತಾರೆ" ಎಂದ ಮುದ್ದಣ್ಣ.

"ಹೋಗಲ್ಲ. ಮಾರಕ್ಕನೂ ಕೂತವಳೆ, ಹೊಂಗೆಮರದ ಕೆಳಗೇ ಮಾತಾಡ್ಕಂಡಿದ್ವಿ" ಎಂದಳು ಅವ್ವ. "ಆ ಅಳಿಸೋ ಗುಂಡಿ ಕಿತ್ತು ತಗಂಡು ಬಾ ಮುದ್ದಣ್ಣ."

"ಅದಿಲ್ದೆ ಆಡೋದು ಹೆಂಗಮ್ಮ?" ಎಂದರು ಗುರುಸಿದ್ಧಯ್ಯನವರು.

ಅವ್ವ ಬಿಸಿನೀರು ತೋಡಿ ಮಗುವಿನ ಬೆನ್ನಿಗೆ ಸುರಿದಳು. ಜಗಲಿಯ ಹೆಂಗಸರು ಕೂತಲ್ಲೇ ಕಾಲು ಚಾಚಿಕೊಂಡರು. ಮುದ್ದಣ್ಣ ಅವರ ಮುಖ ಇವರ ಮುಖ ನೋಡಿ, ಕೊನೆಗೆ ತಾನೇ ಚಾವಡಿಗೆ ಹೋಗಿ, ಚಿಕ್ಕ ಕರಿಯ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನೀರೊಲೆಯ ಬೆಂಕಿಗೆ ಹಾಕಿದಳು. ಕಮಟು ವಾಸನೆ ಎದ್ದು ಮಗು ಸೀನಿತು.

"ಇನ್ನಾದರೂ ಹೊರಡ್ರಮ್ಮ" ಎಂದರು ಗುರುಸಿದ್ಧಯ್ಯನವರು.

"ಕೂಸಿನ ಮೈ ಒರೆಸ್ಬೇಕು, ಹೊಗೆ ಹಾಕ್ಬೇಕು, ಮಲಗಿಸ್ಬೇಕು. ಆಮ್ಯಾಕೆ ಹೊರಡ್ತೀನಿ" ಎಂದಳು. ಮಗುವನ್ನು ನನ್ನ ಮಡಿಲಿಗೆ ಕೊಟ್ಟು, ತೊಯ್ದ ಬಟ್ಟೆಯನ್ನು ತೆಗೆದು ಅವರ ಮುಂದೆ ಚಾಚಿದಳು. "ಅಲ್ಲೀಗಂಟ ಸುಮ್ನೆ ನಿಂತಿರ್ತೀರಲ್ಲ ಅಯ್ನೋರೆ, ಇದನ್ನ ಹಿಂಡಿ ಒಣಹಾಕ್ರಿ."

ಅವರು ಒಂದು ಕ್ಷಣ ಮುದ್ದಣ್ಣನ ಕಡೆ ನೋಡಿದರು. ಮುದ್ದಣ್ಣ ಸೂರಿನ ಕಡೆ ನೋಡಿದ. ಅವರು ಬಟ್ಟೆ ತೆಗೆದುಕೊಂಡು ಹಿಂಡಿ, ಅಂಗಳದ ಹಗ್ಗದ ಮೇಲೆ ಹರವಿದರು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ನೋಡಿ, "ಇನ್ನೂ ನೀರೈತೆ. ತೆಗೀರಿ, ಮತ್ತೆ ಹಿಂಡ್ರಿ" ಎಂದಳು.